ತಂಗಿಯನ್ನು ಒಳಗೆ ಬಿಡಿ

"ಮೊದಲು ಜೀವ ಉಳಿಯಲಿ, ಮಿಕ್ಕಿದ್ದೆಲ್ಲ ಆಮೇಲೆ." ಕಾಯಿಲೆ ಬಿದ್ದ ಮಗುವಿನ ಮಂಚದ ಸುತ್ತ ಎಲ್ಲರೂ ಆಡುವ ಮಾತಿದು. ವೈದ್ಯರು ಹೇಳುತ್ತಾರೆ, ಸಿಸ್ಟರ್ ಹೇಳುತ್ತಾರೆ, ನೋಡಲು ಬಂದ ದೊಡ್ಡಪ್ಪ ಹೇಳುತ್ತಾರೆ. ಕೊನೆಗೆ ಹೆತ್ತವಳೂ ಅದನ್ನೇ ತನಗೆ ತಾನು ಹೇಳಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಈ ಮಾತು ಕೇಳಲು ಎಷ್ಟು ಸರಿಯಾಗಿದೆಯೆಂದರೆ ಇದನ್ನು ಪ್ರಶ್ನಿಸುವವರು ಮಗುವಿಗೆ ಕೇಡು ಬಯಸುವವರಂತೆ ಕಾಣುತ್ತಾರೆ. ಆದರೂ ನಾನು ಪ್ರಶ್ನಿಸುತ್ತೇನೆ, ಏಕೆಂದರೆ ಈ ಮಾತು ತಪ್ಪು. ತಪ್ಪಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಇದರಿಂದ ಮಕ್ಕಳಿಗೆ ನೋವಾಗುತ್ತಿದೆ.

"ಮಿಕ್ಕಿದ್ದು" ಎಂದರೆ ಏನು? ರಿಮೋಟಿಗಾಗಿ ತಂಗಿಯ ಜೊತೆ ಕಿತ್ತಾಟ. ಅಪ್ಪ ಕೆಲಸದಿಂದ ಬಂದಾಗ ಚೀಲದಲ್ಲಿ ಏನಿದೆ ಎಂದು ಇಣುಕುವುದು. ಅಜ್ಜಿಯ ಪಕ್ಕ ಮಲಗಿ ಅದೇ ಕತೆಯನ್ನು ಮತ್ತೆ ಹೇಳಿಸಿಕೊಳ್ಳುವುದು. ಕಾಪಿ ಬರೆಯಲಿಲ್ಲವೆಂದು ಬೈಸಿಕೊಳ್ಳುವುದು. ದೊಡ್ಡವರ ಲೆಕ್ಕದಲ್ಲಿ ಇವೆಲ್ಲ ಮಿಕ್ಕಿದ್ದು. ಮಗುವಿನ ಲೆಕ್ಕದಲ್ಲಿ ಬದುಕೆಂದರೆ ಇವಿಷ್ಟೇ. ಇಷ್ಟನ್ನೂ ಕಿತ್ತಿಟ್ಟ ಮೇಲೆ ನಾವು ಉಳಿಸಲು ಹೊರಟಿರುವ ಜೀವದಲ್ಲಿ ಏನು ಉಳಿಯಿತು?

ಇನ್ನು "ಆಮೇಲೆ." ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಹೆಚ್ಚು ಕಾಣುವುದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಐದು ವರ್ಷದ ಮಗುವಿಗೆ ಎರಡೂವರೆ ವರ್ಷವೆಂದರೆ ಅದುವರೆಗಿನ ಆಯುಸ್ಸಿನ ಅರ್ಧ. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಗುವಿಗೆ ಎರಡು–ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಅಸ್ಥಿಮಜ್ಜೆ ಕಸಿ ಆಗದಿದ್ದರೆ ಬದುಕಿಡೀ. ಅದಕ್ಕೆ ಆಮೇಲೆ ಎನ್ನುವುದೇ ಇಲ್ಲ. ಬಾಲ್ಯವನ್ನು ಬ್ಯಾಂಕಿನಲ್ಲಿಟ್ಟು ಕಾಯಿಲೆ ವಾಸಿಯಾದ ಮೇಲೆ ಬಡ್ಡಿ ಸಮೇತ ತೆಗೆಯಬಹುದು ಎಂದುಕೊಂಡವರು ಮಾತ್ರ "ಆಮೇಲೆ" ಎನ್ನಬಲ್ಲರು.

ನಾನಿರುವ ಮಾಕಳಿ ತುಮಕೂರು ರಸ್ತೆಯ ಮೇಲಿದೆ. ಹಿಮಾಲಯ ಔಷಧ ಕಂಪನಿಯ ಊರು ಎಂದರೆ ಹೊರಗಿನವರಿಗೆ ಗುರುತು ಸಿಗುತ್ತದೆ. ಶಿರಾ, ಮಧುಗಿರಿ, ಚಿತ್ರದುರ್ಗ, ದಾವಣಗೆರೆ ಕಡೆಯಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗಳಿಗೆ ಮಕ್ಕಳನ್ನು ಹೊತ್ತು ತರುವ ಬಸ್ಸು, ಆಂಬುಲೆನ್ಸುಗಳು ನಮ್ಮೂರ ಮುಂದೆಯೇ ಹಾದು ಹೋಗುತ್ತವೆ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಾಗಲಿ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಾಗಲಿ ಇರುವುದು ಬೆಂಗಳೂರಿನ ಇನ್ನೊಂದು ಕಡೆ, ಹೊಸೂರು ರಸ್ತೆಯ ದಿಕ್ಕಿನಲ್ಲಿ. 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರದವರೆಗೆ ಬಂದ ಮೇಲೆ ದಾರಿ ಸ್ವಲ್ಪ ಹಗುರಾಗಿದೆ. ಗೇಟಿನಲ್ಲಿ ಸಿಗುವ ಉತ್ತರ ಹಗುರಾಗಿಲ್ಲ.

ನಮ್ಮ ಬೀದಿಯ ಒಂದು ಕುಟುಂಬದ ಜೊತೆ ಹೋಗಿದ್ದಾಗ ಕಂಡದ್ದನ್ನು ಇಲ್ಲಿ ಹೇಳಬೇಕು. ಆಸ್ಪತ್ರೆಯ ಹೆಸರು ಬೇಡ. ಚಿಕ್ಕ ಮಕ್ಕಳಿಗೆ ಪ್ರವೇಶವಿಲ್ಲ ಎನ್ನುವ ಅದರ ಗೇಟಿನ ಬೋರ್ಡು ಹಲವು ಕಡೆ ಇದೆ. ಏಳು ವರ್ಷದ ಹುಡುಗ ಮೂರನೇ ಮಹಡಿಯ ವಾರ್ಡಿನಲ್ಲಿ, ಜೊತೆಗೆ ಅವನ ತಾಯಿ. ಅಪ್ಪ ನಾಲ್ಕು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದರು. ಅವಳ ಕೈಯಲ್ಲಿ ಅಣ್ಣನ ಬುಗುರಿ. ಸೆಕ್ಯುರಿಟಿಯವನು ಒಳ್ಳೆಯವನೇ, ಮುಖ ಸಪ್ಪಗೆ ಮಾಡಿಕೊಂಡೇ ಹೇಳಿದ: "ಹನ್ನೆರಡರೊಳಗಿನ ಮಕ್ಳನ್ನ ಬಿಡಂಗಿಲ್ಲಣ್ಣ. ಬಿಟ್ರೆ ನನ್ ಕೆಲ್ಸ ಹೋಗ್ತದೆ." ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಂಪೌಂಡಿನಿಂದ ಕಿಟಕಿ ತೋರಿಸಿದರು. ಅವಳು ಬೇರೆ ಯಾವುದೋ ಕಿಟಕಿಗೆ ಕೈ ಬೀಸಿದಳು. ಬುಗುರಿಯನ್ನು ಕವರಿಗೆ ಹಾಕಿ, ಹೆಸರು ಬರೆದು, ವಾರ್ಡ್ ಬಾಯ್ ಕೈಗೆ ಕೊಟ್ಟದ್ದಾಯಿತು.

ಅದೇ ಮಧ್ಯಾಹ್ನ ಒಂದೇ ಬಣ್ಣದ ಟೀ ಶರ್ಟು ತೊಟ್ಟ ಹದಿನೈದಿಪ್ಪತ್ತು ಮಂದಿ ಬಲೂನು, ಕೇಕು, ಉಡುಗೊರೆ ಡಬ್ಬಗಳನ್ನು ಹಿಡಿದು ಅದೇ ಗೇಟಿನಿಂದ ಒಳಗೆ ಹೋದರು. ಯಾವುದೋ ಕಂಪನಿಯ ಸೇವಾ ಕಾರ್ಯಕ್ರಮ. ಮೊದಲೇ ಅನುಮತಿ ಆಗಿತ್ತು. ಮೇಲೆ ನಡೆದದ್ದನ್ನು ತಾಯಿ ಆಮೇಲೆ ಹೇಳಿದರು. ಹುಡುಗನ ಕೈಗೆ ಚಾಕು ಕೊಟ್ಟು ಕೇಕ್ ಕತ್ತರಿಸಲು ಹೇಳಿದರಂತೆ, ಹಾಡು ಹೇಳಿದರಂತೆ, ಫೋಟೋ ಹಿಡಿದರಂತೆ. ಅವನ ಬಿಳಿ ರಕ್ತಕಣದ ಕೌಂಟ್ ಬಿದ್ದಿತ್ತು. ಹೊರಗಿನ ಕ್ರೀಮ್ ಕೇಕ್ ತಿನ್ನುವ ಹಾಗಿರಲಿಲ್ಲ. ಕತ್ತರಿಸಿದ್ದನ್ನು ತಿನ್ನಲಾಗದೆ ನೋಡುತ್ತಾ ಕೂತ. ಬಂದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸೋಂಕಿನ ಹೆಸರಿನಲ್ಲಿ ಒಬ್ಬಳು ತಂಗಿಯನ್ನು ತಡೆದ ಗೇಟು ಇಪ್ಪತ್ತು ಅಪರಿಚಿತರಿಗೆ ತೆರೆದುಕೊಂಡಿತಲ್ಲ, ಅಲ್ಲಿಗೆ ಅದು ಸೋಂಕಿನ ನಿಯಮವಾಗಿ ಉಳಿಯಲಿಲ್ಲ. ಯಾರ ಬರುವಿಕೆಗೆ ಬೆಲೆ ಇದೆ, ಯಾರ ಬರುವಿಕೆಗೆ ಇಲ್ಲ ಎನ್ನುವ ತೀರ್ಮಾನ ಅದು.

ಸೋಂಕಿನ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಕೀಮೋ ತೆಗೆದುಕೊಳ್ಳುತ್ತಿರುವ ಮಗುವಿಗೆ ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್, ಪ್ರಾಣಕ್ಕೇ ಕುತ್ತು. ಬಿಳಿ ರಕ್ತಕಣ ಪೂರಾ ಇಳಿದ ದಿನಗಳಲ್ಲಿ ಸಾಮಾನ್ಯ ನೆಗಡಿಯೂ ಸಾಮಾನ್ಯವಲ್ಲ. ಅಸ್ಥಿಮಜ್ಜೆ ಕಸಿಯ ಕೋಣೆಗಂತೂ ಗಾಳಿಯನ್ನೂ ಸೋಸಿ ಬಿಡುತ್ತಾರೆ. ಅಲ್ಲಿಗೆ ಯಾರೂ ಹೋಗಬಾರದು ಎಂದರೆ ಒಪ್ಪಬೇಕಾದ್ದೇ. ಆದರೆ ಅಪಾಯ ಇರುವ ದಿನಗಳಿವೆ, ಇಲ್ಲದ ದಿನಗಳಿವೆ. ಅಪಾಯ ತರಬಲ್ಲ ಮಗುವಿದೆ, ತರಲಾರದ ಮಗುವಿದೆ. ಜ್ವರ ಇದೆಯೇ, ಕೆಮ್ಮು ನೆಗಡಿ ಇದೆಯೇ, ಮೈಮೇಲೆ ಗುಳ್ಳೆ ಇದೆಯೇ, ಕಳೆದ ಮೂರು ವಾರದಲ್ಲಿ ಮನೆಯಲ್ಲಿ, ಅಂಗನವಾಡಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಆಗಿತ್ತೇ, ಲಸಿಕೆ ಆಗಿದೆಯೇ ಎಂದು ಕೇಳಿ, ಸೋಪು ಹಾಕಿ ಕೈ ತೊಳೆಸಿ ಒಳಗೆ ಬಿಡಲು ಒಬ್ಬ ಸಿಸ್ಟರಿಗೆ ಐದು ನಿಮಿಷ ಸಾಕು. ಬೋರ್ಡು ಈ ಐದು ನಿಮಿಷವನ್ನು ಉಳಿಸುತ್ತದೆ, ಅಷ್ಟೇ. ನಾಲ್ಕು ವರ್ಷದ ಆರೋಗ್ಯವಂತ ತಂಗಿ ಹೊರಗೆ, ನೆಗಡಿಯಿರುವ ಮೂವತ್ತರ ಚಿಕ್ಕಪ್ಪ ಒಳಗೆ. ವಯಸ್ಸು ನೋಡಿ ತಡೆಯುವುದರಲ್ಲಿ ಯಾವ ವೈದ್ಯಶಾಸ್ತ್ರವಿದೆ?

ಹೊರಗಿನವರು ಬಂದರೆ ಸೋಂಕು ಹೆಚ್ಚುತ್ತದೆ ಎನ್ನುವ ನಂಬಿಕೆಗೆ ಬಲವಾದ ಪೆಟ್ಟು ಬಿದ್ದದ್ದು ಅದು ಅತಿ ಗಟ್ಟಿಯಾಗಿದ್ದ ಜಾಗದಲ್ಲೇ, ಎಳೆ ಕೂಸುಗಳ ತೀವ್ರ ನಿಗಾ ಘಟಕದಲ್ಲಿ. ಕಡಿಮೆ ತೂಕದ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತಾಯಿಯನ್ನು ಬಾಗಿಲಾಚೆ ಕೂರಿಸುವುದು ದಶಕಗಳ ರೂಢಿ. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ನಮ್ಮ ದೆಹಲಿಯ ಸಫ್ದರ್‌ಜಂಗ್, ಹೀಗೆ ಐದು ಆಸ್ಪತ್ರೆಗಳಲ್ಲಿ ತಾಯಂದಿರನ್ನು ಆ ಘಟಕದೊಳಗೇ ಮಂಚ ಹಾಕಿ ಇರಿಸಿ, ಕೂಸನ್ನು ಹುಟ್ಟಿದ ಕೂಡಲೇ ಎದೆಗವಚಿಸಿ ನೋಡಿತು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮೊದಲ 28 ದಿನಗಳಲ್ಲಿ ಸಾವಿನ ಪ್ರಮಾಣ ರೂಢಿಯ ಆರೈಕೆಯಲ್ಲಿ ನೂರಕ್ಕೆ 15.7 ಇದ್ದದ್ದು 12ಕ್ಕೆ ಇಳಿದಿತ್ತು. ಸೋಂಕು ತಗುಲಿದೆ ಎಂದು ಅನುಮಾನ ಬಂದ ಕೂಸುಗಳ ಪ್ರಮಾಣವೂ ಇಳಿದಿತ್ತು. ಲಾಭ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ನವಜಾತ ಶಿಶು ಬೇರೆ, ಕೀಮೋ ಮಗು ಬೇರೆ; ತಾಯಿ ಬೇರೆ, ತಂಗಿ ಬೇರೆ; ಇದು ನನಗೂ ಗೊತ್ತು. ಆದರೆ ಪುರಾವೆ ಕೊಡಬೇಕಾದ ಹೊಣೆ ಈಗ ಆ ಕಡೆಗೆ ಹೊರಳಿದೆ. ಮನೆಯವರನ್ನು ತಡೆಯುವುದರಿಂದ ಮಗುವಿಗೆ ಒಳಿತು ಎನ್ನುವವರು ಅದನ್ನು ತೋರಿಸಿಕೊಡಬೇಕು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೇ 2017ರಲ್ಲಿ ನವಜಾತ ಶಿಶು ಘಟಕಗಳೊಳಗೆ ತಂದೆತಾಯಿಯನ್ನು ಬಿಟ್ಟು, ಕಲಿಸಿ, ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂದು ಮಾರ್ಗಸೂಚಿ ಹೊರಡಿಸಿದೆ. ಒಂದು ತಿಂಗಳ ಕೂಸಿಗೆ ಒಪ್ಪಿದ್ದು ಏಳು ವರ್ಷದವನಿಗೆ ಏಕೆ ಒಪ್ಪುವುದಿಲ್ಲ?

ಅಸ್ಥಿಮಜ್ಜೆ ಕಸಿಯ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಕಸಿಗೆ ಮೊದಲು ನೋಡುವುದು ಒಡಹುಟ್ಟಿದವರನ್ನೇ. ಪ್ರತಿ ಅಣ್ಣತಮ್ಮ, ಅಕ್ಕತಂಗಿಗೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ತುಮಕೂರು ರಸ್ತೆಯ ಗೊರಗುಂಟೆಪಾಳ್ಯದಲ್ಲೇ ಸಂಕಲ್ಪ ಇಂಡಿಯಾ ಫೌಂಡೇಶನ್ ಪೀಪಲ್ ಟ್ರೀ ಆಸ್ಪತ್ರೆಯ ಜೊತೆ ಸೇರಿ ಥಲಸ್ಸೀಮಿಯಾ ಮಕ್ಕಳಿಗೆ ಕಸಿ ಮಾಡಿಸಿದೆ. ಐದಾರು ವರ್ಷದ ತಂಗಿಯ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಅಣ್ಣನಿಗೆ ಕೊಡುವ ಕಾಲ ಇದು. ಅವಳ ರಕ್ತ ಬೇಕು, ಮಜ್ಜೆ ಬೇಕು. ಕಸಿಯ ಕೋಣೆ ಬಿಟ್ಟು ಸಾಮಾನ್ಯ ವಾರ್ಡಿಗೆ ಬಂದ ಮೇಲೂ ಅವಳ ಮಾತು, ನಗು, ಜಗಳ ಬೇಡವೆಂದರೆ ಆ ಮಗುವನ್ನು ನಾವು ಏನೆಂದು ತಿಳಿದಿದ್ದೇವೆ?

ಈ ಜಗಳವನ್ನು ಇಂಗ್ಲೆಂಡು ಸುಮಾರು ಎಪ್ಪತ್ತು ವರ್ಷದ ಹಿಂದೆಯೇ ಆಡಿತು. ಅಲ್ಲಿನ ಕೆಲವು ಆಸ್ಪತ್ರೆಗಳಲ್ಲಿ ವಾರಕ್ಕೊಂದೆರಡು ಗಂಟೆ ಮಾತ್ರ ತಾಯಿ ಮುಖ ನೋಡಬಹುದಾಗಿದ್ದ ಕಾಲವಿತ್ತು. ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯರು ನ್ಯೂಕ್ಯಾಸಲ್‌ನಲ್ಲಿ 1920ರ ದಶಕದಲ್ಲೇ ತಾಯಂದಿರನ್ನು ಕೂಸಿನ ಜೊತೆ ಇರಿಸಿಕೊಂಡಿದ್ದರೂ ಉಳಿದವರು ಕಿವಿಗೆ ಹಾಕಿಕೊಳ್ಳಲಿಲ್ಲ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಎರಡೂವರೆ ವರ್ಷದ ಹುಡುಗಿಯೊಬ್ಬಳು ಸಣ್ಣ ಆಪರೇಷನ್ನಿಗಾಗಿ ಎಂಟು ದಿನ ಆಸ್ಪತ್ರೆಯಲ್ಲಿ ತಾಯಿ ಜೊತೆಗಿರದೆ ಕಳೆದದ್ದನ್ನು ಚಿತ್ರೀಕರಿಸಿ ವೈದ್ಯರಿಗೇ ತೋರಿಸಿದರು. ವೈದ್ಯರು ಸಿಟ್ಟಾದರು. ಚಿತ್ರದಲ್ಲಿ ಹೊಡೆತವಿಲ್ಲ, ಗದರಿಕೆಯಿಲ್ಲ. ಒಂದು ಮಗು ದಿನದಿಂದ ದಿನಕ್ಕೆ ಮಂಕಾಗುವುದು ಮಾತ್ರ ಇದೆ. ಏಳು ವರ್ಷದ ನಂತರ, 1959ರಲ್ಲಿ, ಮೂಳೆ ಶಸ್ತ್ರವೈದ್ಯ ಸರ್ ಹ್ಯಾರಿ ಪ್ಲಾಟ್ ಅಧ್ಯಕ್ಷತೆಯ ಸರ್ಕಾರಿ ಸಮಿತಿ ಭೇಟಿಯ ಗಡಿಗಳನ್ನು ತೆಗೆಯಬೇಕು, ತಾಯಿಗೆ ಜೊತೆಗಿರಲು ಅವಕಾಶ ಕೊಡಬೇಕು ಎಂದು ವರದಿ ಕೊಟ್ಟಿತು.

ಇದನ್ನು ಹೇಳಿದಾಗ ನಮ್ಮವರು ಕೊಡುವ ಉತ್ತರ ಗೊತ್ತು: "ನಮ್ಮಲ್ಲಿ ಆ ಸಮಸ್ಯೆಯೇ ಇಲ್ಲ, ತಾಯಿ ಯಾವಾಗಲೂ ಮಗುವಿನ ಪಕ್ಕದಲ್ಲೇ ಇರುತ್ತಾಳೆ." ನಿಜ, ಇರುತ್ತಾಳೆ. ಏನಾಗಿ ಇರುತ್ತಾಳೆ? ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಂದು ಬೆಳಗ್ಗೆ ನಿಂತು ನೋಡಿದರೆ ತಿಳಿಯುತ್ತದೆ. ರೌಂಡ್ಸ್ ಬರುವ ಮೊದಲು ಮಂಚದ ಕೆಳಗಿನ ಚಾಪೆ ಸುತ್ತಿಡಬೇಕು. ಸ್ಯಾಂಪಲ್ ಬಾಟಲು ಹಿಡಿದು ಲ್ಯಾಬಿಗೆ ಓಡಬೇಕು. ರಿಪೋರ್ಟಿಗೆ ಕ್ಯೂ ನಿಲ್ಲಬೇಕು. ಪ್ಲೇಟ್‌ಲೆಟ್ ಬೇಕೆಂದರೆ ರಕ್ತನಿಧಿಗೆ, ಚೀಟಿ ಬರೆದುಕೊಟ್ಟರೆ ಮೆಡಿಕಲ್ಲಿಗೆ, ಸೀಲಿಗೆ ಒಂದು ಕಿಟಕಿ, ಸಹಿಗೆ ಇನ್ನೊಂದು ಕಿಟಕಿ. ಅವಳ ಹೆಸರೇ ಅಲ್ಲಿ ಇಲ್ಲ. "ಹದಿನಾಲ್ಕನೇ ಬೆಡ್ಡಿನ ಅಟೆಂಡರ್ ಯಾರಮ್ಮ?" ಎಂದು ಕೂಗುತ್ತಾರೆ. ಸಂಬಳವಿಲ್ಲದ ಆಳಾಗಿ ತಾಯಿಯನ್ನು ಒಳಗೆ ಬಿಟ್ಟುಕೊಂಡಿದ್ದೇವೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತೆ ಹೇಳಲು, ಜೊತೆಗೆ ಒಂದು ತುತ್ತು ತಿನ್ನಲು ಅವಳಿಗೆ ಬಿಡುವಿಲ್ಲ, ಕೂರಲು ಕುರ್ಚಿಯೂ ಇಲ್ಲ. ಅಪ್ಪ ಹೊರಗೆ ಫುಟ್‌ಪಾತಿನಲ್ಲಿ. ಪಾಸು ಒಂದೇ, ಅವಳು ಹೊರಬಂದರೆ ಇವನು ಒಳಗೆ. ಅಪ್ಪ ಅಮ್ಮ ಇಬ್ಬರನ್ನೂ ಒಟ್ಟಿಗೆ, ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿಗೆ ನೋಡದೆ ತಿಂಗಳು ಕಳೆಯುವ ಮಕ್ಕಳಿದ್ದಾರೆ. ಆದ್ದರಿಂದ ಇಂಗ್ಲೆಂಡಿನ ಜಗಳ ನಮ್ಮದಲ್ಲ. ತಾಯಿಯನ್ನು ಒಳಗೆ ಬಿಡಿ ಎಂದು ಅವರು ಕೇಳಬೇಕಾಯಿತು. ಒಳಗಿರುವವಳನ್ನು ತಾಯಿಯಾಗಿರಲು ಬಿಡಿ ಎಂದು ನಾವು ಕೇಳಬೇಕಾಗಿದೆ.

ರಾಬರ್ಟ್‌ಸನ್ ಕಂಡುಕೊಂಡ ಇನ್ನೊಂದು ಸಂಗತಿ ಮಾತ್ರ ನಮ್ಮ ವಾರ್ಡುಗಳಿಗೆ ಹಾಗೇ ಅನ್ವಯಿಸುತ್ತದೆ. ಮನೆಯಿಂದ ಕಿತ್ತು ತಂದ ಮಗು ಮೊದಲು ಅಳುತ್ತದೆ, ಹಟ ಮಾಡುತ್ತದೆ. ಆಮೇಲೆ ಸೋತು ಮೂಲೆ ಹಿಡಿಯುತ್ತದೆ. ಅದಾದ ಮೇಲೆ ಶಾಂತವಾಗುತ್ತದೆ, ಯಾರು ಬಂದರೂ ಹೋದರೂ ಒಂದೇ ಎಂಬಂತೆ. ಈ ಮೂರನೇ ಘಟ್ಟವನ್ನೇ "ಹೊಂದಿಕೊಂಡಿತು" ಎಂದು ವೈದ್ಯರು ಬಗೆದಿದ್ದರು. ನಮ್ಮಲ್ಲೂ ಕೇಳುತ್ತೇವಲ್ಲ: "ಬಲು ಒಳ್ಳೇ ಮಗು, ಸೂಜಿ ಚುಚ್ಚಿದರೂ ಅಳಲ್ಲ." ಹೊಗಳಿಕೆಯೆಂದು ತಾಯಿ ಅದನ್ನು ಊರಿಗೆಲ್ಲ ಹೇಳುತ್ತಾಳೆ. ಏಳು ವರ್ಷದ ಮಗು ಸೂಜಿ ಕಂಡರೆ ಅಳಬೇಕು. ಅಳುವುದನ್ನು ಬಿಟ್ಟಿದೆ ಎಂದರೆ ಕೇಳುವವರು ಯಾರೂ ಇಲ್ಲವೆಂದು ಅದಕ್ಕೆ ಗೊತ್ತಾಗಿರಬಹುದು. ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಇಳಿದರೆ ನಾವು ಓಡುತ್ತೇವೆ. ಮಗುವಿನ ಮನಸ್ಸು ಹೀಗೆ ಇಳಿದದ್ದನ್ನು ಯಾವ ಚಾರ್ಟಿನಲ್ಲೂ ಬರೆಯುವುದಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮಗುವಿನ ನಾಲಿಗೆಗೆ ಮನೆಯೆಂದರೆ ಮುದ್ದೆ, ಸೊಪ್ಪಿನ ಸಾರು, ಹುರಿಗಾಳಿನ ವಾಸನೆ. ಕೀಮೋದಿಂದ ಬಾಯಿ ಹುಣ್ಣಾಗಿ, ರುಚಿ ಕೆಟ್ಟು, ಮಗು ಒಂದು ಗುಟುಕೂ ಬೇಡವೆನ್ನುವ ದಿನಗಳಲ್ಲಿ ಕೇಳುವುದೇನಿದ್ದರೂ ಇದನ್ನೇ. "ಹೊರಗಿನ ಊಟ ತರುವಂತಿಲ್ಲ" ಎಂದು ಬೋರ್ಡಿದೆ. ಕತ್ತರಿಸಿಟ್ಟ ಹಣ್ಣು, ಬೀದಿ ಬದಿಯ ತಿಂಡಿ ಬೇಡವೆಂದರೆ ಸರಿ. ಕುದಿಯುವ ನೀರಿನಲ್ಲಿ ಬೇಯಿಸಿ ಬಿಸಿಬಿಸಿ ಬಡಿಸಿದ ಮುದ್ದೆಯಲ್ಲಿ ಯಾವ ಕ್ರಿಮಿ ಉಳಿಯುತ್ತದೆ? ಕ್ಯಾನ್ಸರ್ ಮಕ್ಕಳಿಗೆ ಬಹಳ ಕಟ್ಟುನಿಟ್ಟಿನ ಪಥ್ಯ ಮಾಡಿಸುವುದಕ್ಕೂ, ಶುಚಿಯಾಗಿ ಬೇಯಿಸಿದ ಸಾಮಾನ್ಯ ಊಟ ಕೊಡುವುದಕ್ಕೂ ಸೋಂಕಿನಲ್ಲಿ ವ್ಯತ್ಯಾಸವಿಲ್ಲವೆಂದು 2018ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ನಮ್ಮಲ್ಲಿ ಆಗುತ್ತಿರುವುದೇನೆಂದರೆ, ಒಲೆ ಹಚ್ಚಲು ಜಾಗವಿಲ್ಲದ ತಾಯಿ ಕ್ಯಾಂಟೀನಿನ ಬನ್ನು, ಬಿಸ್ಕತ್ತಿನ ಪೊಟ್ಟಣಗಳಲ್ಲಿ ಮಗುವನ್ನು ಸಾಕುತ್ತಿದ್ದಾಳೆ. ಮುಂಬೈಯಲ್ಲಿ 2006ರಲ್ಲಿ ಶುರುವಾದ ಸೇಂಟ್ ಜೂಡ್ ಕೇಂದ್ರಗಳು ಕ್ಯಾನ್ಸರ್ ಮಕ್ಕಳ ಕುಟುಂಬಗಳಿಗೆ ಉಚಿತವಾಗಿ ಇರಲು ಜಾಗ ಕೊಡುವುದರ ಜೊತೆಗೆ ಅಡುಗೆ ಮಾಡಿಕೊಳ್ಳಲು ಒಲೆಯನ್ನೂ ಕೊಡುತ್ತವೆ. ಒಲೆ ಕೊಟ್ಟವರು ತಾಯಿಗೆ ಅವಳ ಕೆಲಸವನ್ನು ವಾಪಸು ಕೊಟ್ಟರು.

ಇನ್ನು ಬೆಂಗಳೂರು ಮೆಚ್ಚಿ ಕೊಂಡಾಡುವ ದಾರಿ ಇನ್ನೊಂದಿದೆ: ಕನಸು ನನಸು ಮಾಡುವುದು. 2019ರ ಸೆಪ್ಟೆಂಬರಿನಲ್ಲಿ ಗಂಭೀರ ಕಾಯಿಲೆಯ ಮಕ್ಕಳನ್ನು ಬೆಂಗಳೂರು ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಒಂದು ದಿನದ ಕಮಿಷನರ್ ಮಾಡಿದರು. 2022ರ ಜುಲೈನಲ್ಲಿ ಇಬ್ಬರು ಹುಡುಗರು ಕೋರಮಂಗಲದಲ್ಲಿ ಆಗ್ನೇಯ ವಿಭಾಗದ ಒಂದು ದಿನದ ಡಿಸಿಪಿ ಆದರು. ಖಾಕಿ ತೊಟ್ಟು ಸೆಲ್ಯೂಟ್ ತೆಗೆದುಕೊಂಡ ಆ ಮಕ್ಕಳ ಸಂತೋಷ ಸುಳ್ಳಲ್ಲ, ಕುರ್ಚಿ ಬಿಟ್ಟುಕೊಟ್ಟ ಅಧಿಕಾರಿಗಳ ಮಮತೆಯೂ ಸುಳ್ಳಲ್ಲ. ನನ್ನ ತಕರಾರು ಅದನ್ನು ಕಂಡು ನಾವು ತಲುಪಿದ ತೀರ್ಮಾನದ ಮೇಲೆ: ಕಾಯಿಲೆಯ ಮಗುವಿಗೆ ಸಮಾಜ ಕೊಡಬೇಕಾದದ್ದು ದೊಡ್ಡದೊಂದು ದಿನ ಎನ್ನುವ ತೀರ್ಮಾನ. ದೊಡ್ಡ ದಿನ ಮುಗಿದ ಮರುದಿನ ಬೆಳಗ್ಗೆ ಅದೇ ಮಂಚ, ಅದೇ ಡ್ರಿಪ್, ಅದೇ ಗೋಡೆ. ದೊಡ್ಡ ದಿನಕ್ಕೆ ಟಿವಿಯವರು ಬರುತ್ತಾರೆ, ಪ್ರಾಯೋಜಕರು ಸಿಗುತ್ತಾರೆ. ಸಂಜೆ ಆರರಿಂದ ಏಳರವರೆಗೆ ಅಣ್ಣ ತಂಗಿ ಚೌಕಾಬಾರ ಆಡುವುದಕ್ಕೆ ಯಾರು ಬರುತ್ತಾರೆ? ಮಗುವನ್ನು ಕೇಳಿ ನೋಡಿ, ಪಟ್ಟಿ ಬರೆದುಕೊಳ್ಳುವ ಹೊರಗಿನವರಾಗಿ ಅಲ್ಲ, ಪಕ್ಕ ಕೂತು. "ಮನೆಗೆ ಹೋಗಬೇಕು" ಎನ್ನುತ್ತದೆ. ಆ ಆಸೆಯನ್ನು ನಾವು ಆಸೆಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಸ್ಪತ್ರೆಯನ್ನಷ್ಟೇ ದೂರಿದರೆ ಅನ್ಯಾಯವಾಗುತ್ತದೆ. ಈ ನಂಬಿಕೆ ನಮ್ಮ ಮನೆಗಳಲ್ಲೂ ಬೇರು ಬಿಟ್ಟಿದೆ. ಮಗುವಿಗೆ ದೊಡ್ಡ ಕಾಯಿಲೆ ಎಂದು ತಿಳಿದ ದಿನದಿಂದ ಅದನ್ನು ಯಾರೂ ಬೈಯುವುದಿಲ್ಲ. ಕೆಲಸ ಹೇಳುವುದಿಲ್ಲ. ಕೇಳಿದ್ದನ್ನೆಲ್ಲ ಕೊಡುತ್ತಾರೆ, ಮೊಬೈಲು ಕೈಯಲ್ಲೇ ಇರುತ್ತದೆ. "ಪಾಪ, ಬಿಡು" ಎನ್ನುವ ಎರಡು ಪದಗಳಲ್ಲಿ ಅದರ ಜೊತೆಗಿನ ವ್ಯವಹಾರ ಮುಗಿಯುತ್ತದೆ. ಮಕ್ಕಳು ದಡ್ಡರಲ್ಲ. ನಿನ್ನೆಯವರೆಗೆ ಬೈಯುತ್ತಿದ್ದ ಅಮ್ಮ ಇವತ್ತು ಏನು ಮಾಡಿದರೂ ಬೈಯುವುದಿಲ್ಲವೆಂದರೆ ತನಗೆ ಏನೋ ಭಯಂಕರವಾದದ್ದು ಆಗಿದೆ ಎಂದು ಅವರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಡ್ರಿಪ್ ಹಾಕದ ಕೈಯಲ್ಲಿ ಒಂದು ಪುಟ ಕಾಪಿ ಬರೆಸಿ. ಸೊಪ್ಪು ಬಿಡಿಸಲು ಕೊಡಿ. ತಂಗಿಯ ಬುಗುರಿ ಕಿತ್ತುಕೊಂಡರೆ ಗದರಿ. ನೀನು ನಾಳೆಗೂ ಇರುವವನು, ನಿನ್ನಿಂದ ನಮಗೆ ಕೆಲಸವಿದೆ ಎಂದು ಮಗುವಿಗೆ ಹೇಳಲು ಇದಕ್ಕಿಂತ ನೇರವಾದ ದಾರಿ ಬೇರಿಲ್ಲ.

ಊರಲ್ಲಿ ಉಳಿದ ಮಕ್ಕಳ ಪಾಡು ಬೇರೆಯೇ. ಅಮ್ಮ ಆಸ್ಪತ್ರೆಯಲ್ಲಿ, ಅಪ್ಪ ಅಲ್ಲಿಗೂ ಕೆಲಸಕ್ಕೂ ಓಡಾಟದಲ್ಲಿ, ಇವರು ಅಜ್ಜಿಯ ಮನೆಯಲ್ಲೋ ಪಕ್ಕದವರ ಜಗುಲಿಯಲ್ಲೋ. "ಅಣ್ಣನಿಗೆ ಜ್ವರ" ಎಂದಷ್ಟೇ ಹೇಳಿರುತ್ತಾರೆ. ಜ್ವರಕ್ಕೆ ಆರು ತಿಂಗಳು ಯಾಕೆ ಎಂದು ಕೇಳಲು ಅವಕ್ಕೆ ಧೈರ್ಯವಿಲ್ಲ. ತಾನು ಜಗಳವಾಡಿದ್ದಕ್ಕೇ ಅಣ್ಣನಿಗೆ ಹೀಗಾಯಿತು ಎಂದು ನಂಬಿ ಕೂತ ಮಕ್ಕಳಿರುತ್ತಾರೆ. ಇದನ್ನು ಭಾವನೆಯ ಮಾತೆಂದು ತಳ್ಳಿಹಾಕುವವರಿಗೆ ಚಿಕಿತ್ಸೆಯ ಭಾಷೆಯಲ್ಲೇ ಹೇಳುತ್ತೇನೆ. ನಮ್ಮ ದೇಶದಲ್ಲಿ ವಾಸಿಯಾಗಬಲ್ಲ ಕ್ಯಾನ್ಸರುಗಳಿಂದಲೂ ಮಕ್ಕಳು ಸಾಯುವುದಕ್ಕೆ ಒಂದು ದೊಡ್ಡ ಕಾರಣ ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಹೋಗುವುದು. ದುಡ್ಡು, ದೂರ, ಹೋದ ಕೂಲಿ, ಮನೆಯಲ್ಲಿ ಬಿಟ್ಟುಬಂದ ಉಳಿದ ಮಕ್ಕಳು, ಎಲ್ಲ ಸೇರಿ ಒಂದು ದಿನ ಕುಟುಂಬ ಕುಸಿಯುತ್ತದೆ, ಗಂಟುಮೂಟೆ ಕಟ್ಟಿ ಬಸ್ಸು ಹತ್ತುತ್ತದೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಹಲವೆಡೆ ಮೂವತ್ತೂ ಇಲ್ಲ. 2030ರೊಳಗೆ ಇದನ್ನು ಕನಿಷ್ಠ 60ಕ್ಕೆ ಏರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟಿತು. ಕುಟುಂಬವನ್ನು ಒಡೆದು ಆ ಗುರಿ ಮುಟ್ಟಲಾಗದು. ಮನೆಯನ್ನು ಒಟ್ಟಿಗೆ ಹಿಡಿದಿಡುವುದು ಜೀವ ಉಳಿಸುವ ಕೆಲಸದ ಒಳಗೇ ಬರುತ್ತದೆ, "ಮಿಕ್ಕಿದ್ದ"ರಲ್ಲಿ ಬರುವುದಿಲ್ಲ.

ಗುಣವಾಗದ ಮಕ್ಕಳೂ ಇದ್ದಾರೆ. ಅವರ ಬಗ್ಗೆ ಬರೆಯುವುದು ಕಷ್ಟ, ಬರೆಯದಿರುವುದು ಮೋಸ. ಇನ್ನು ಮಾಡುವುದೇನಿಲ್ಲ ಎಂದು ವೈದ್ಯರು ಹೇಳಿದ ಮೇಲೂ ಮಾಡುವುದು ಬಹಳ ಇರುತ್ತದೆ ಎಂದು ಬೆಂಗಳೂರಿನಲ್ಲೇ ತೋರಿಸಿಕೊಟ್ಟವರಿದ್ದಾರೆ. ಮಾರತ್ತಹಳ್ಳಿಯ ಹತ್ತಿರದ ಕರುಣಾಶ್ರಯವನ್ನು ನಡೆಸುವ ಟ್ರಸ್ಟ್ 1994ರಲ್ಲಿ ಹುಟ್ಟಿತು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ, ಮನೆಗೂ ಹೋಗುತ್ತದೆ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯ ಉಪಶಮನ ಆರೈಕೆ ತಂಡವೂ ಹಾಗೇ ಮನೆಬಾಗಿಲಿಗೆ ಹೋಗುತ್ತದೆ. ನೋವು ತಗ್ಗಿಸಿ, ಮಗು ತನ್ನ ಹಾಸಿಗೆಯಲ್ಲಿ, ತನ್ನ ನಾಯಿಯ ಪಕ್ಕದಲ್ಲಿ, ಅಜ್ಜಿಯ ಗೊಣಗಾಟ ಕೇಳುತ್ತಾ ಇರುವಂತೆ ಮಾಡಲು ಸಾಧ್ಯವಿದೆ. ಸಾಯುವ ಮಗುವಿಗೆ ಇದನ್ನು ಕೊಡುವುದು ಸರಿ ಎಂದು ಎಲ್ಲರೂ ಒಪ್ಪುತ್ತಾರೆ. ಬದುಕಲಿರುವ ಮಗುವಿಗೆ ಕೊಡಲು ಮಾತ್ರ ಆಸ್ಪತ್ರೆ ಒಪ್ಪುವುದಿಲ್ಲ. ಇದರ ಹಿಂದಿನ ತರ್ಕ ನನಗೆ ಇದುವರೆಗೆ ಅರ್ಥವಾಗಿಲ್ಲ.

ಕೊನೆಯ ಆಕ್ಷೇಪ ಜಾಗದ್ದು, ಹಣದ್ದು. ಒಂದು ಮಂಚಕ್ಕೆ ಇಬ್ಬರು ಮಕ್ಕಳಿರುವ ವಾರ್ಡಿನಲ್ಲಿ ಆಟದ ಕೋಣೆ ಎಲ್ಲಿಂದ ತರಲಿ ಎಂದು ಸೂಪರಿಂಟೆಂಡೆಂಟರು ಕೇಳಿದರೆ ಅವರ ಕಷ್ಟ ನಿಜವಾದದ್ದೇ. ಅವರಿಂದ ನಾನು ಕೋಣೆ ಕೇಳುತ್ತಿಲ್ಲ. ದಿನಕ್ಕೊಂದು ಗಂಟೆ ಒಡಹುಟ್ಟಿದವರ ಭೇಟಿಗೆ, ಸಿಸ್ಟರ್ ನೋಡಿ ಬಿಡುವ ಕ್ರಮದಲ್ಲಿ, ಒಂದು ಆದೇಶ ಸಾಕು. ಅಪ್ಪ ಅಮ್ಮ ಇಬ್ಬರಿಗೂ ಪಾಸು ಕೊಡಲು ಇನ್ನೊಂದು ಸಹಿ ಸಾಕು. ಸ್ಯಾಂಪಲ್ಲು, ರಿಪೋರ್ಟು ಹೊರಲು ಮಕ್ಕಳ ವಾರ್ಡಿಗೆ ಇಬ್ಬರು ನೌಕರರನ್ನು ಕೊಟ್ಟರೆ ಅಷ್ಟೂ ತಾಯಂದಿರು ಮಂಚದ ಪಕ್ಕಕ್ಕೆ ಮರಳುತ್ತಾರೆ. ಸರ್ಕಾರಕ್ಕೆ ಕೇಳುವುದು ಬೇರೆ: 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಚಿಕಿತ್ಸೆಗೆ ಪ್ಯಾಕೇಜು ಕಟ್ಟುತ್ತದೆ, ಮಕ್ಕಳ ದೀರ್ಘ ಚಿಕಿತ್ಸೆಗಳ ಪ್ಯಾಕೇಜಿನಲ್ಲಿ ಕುಟುಂಬದ ವಸತಿಯನ್ನೂ ಸೇರಿಸಬೇಕು. ಆಟವಾಡುವುದು ಮಗುವಿನ ಹಕ್ಕು ಎನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲೇ ಒಪ್ಪಿಗೆ ಕೊಟ್ಟಿದೆ. ಕಾಯಿಲೆ ಬಿದ್ದರೆ ಆ ಹಕ್ಕು ರದ್ದು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ನಮ್ಮ ರಸ್ತೆಯವರಿಗೂ ಒಂದು ಮಾತು. ಇದೇ ತುಮಕೂರು ರಸ್ತೆಯಲ್ಲಿ ಮುಂದೆ ಹೋದರೆ ಸಿದ್ಧಗಂಗೆ. 10,000ದಷ್ಟು ಮಕ್ಕಳಿಗೆ ದಿನವೂ ಅನ್ನ, ಅಕ್ಷರ, ಆಸರೆ ಕೊಟ್ಟ ಮಠ ಇರುವ ಸೀಮೆಯಲ್ಲಿ ನೂರು ಕುಟುಂಬಗಳಿಗೆ ಆರು ತಿಂಗಳು ಒಂದು ಕೋಣೆ, ಒಂದು ಒಲೆ ಕೊಡಲಾಗದು ಎಂದರೆ ಯಾರು ನಂಬಬೇಕು? ಗೊರಗುಂಟೆಪಾಳ್ಯದಿಂದ ನೆಲಮಂಗಲದವರೆಗೆ ಸಾಲುಸಾಲು ಕಲ್ಯಾಣ ಮಂಟಪಗಳಿವೆ, ಮೇಲಂತಸ್ತಿನಲ್ಲಿ ಕೋಣೆಗಳು, ಹಿಂದೆ ದೊಡ್ಡ ಅಡುಗೆಮನೆ. ಆಷಾಢದಲ್ಲಿ ಬೀಗ, ಧನುರ್ಮಾಸದಲ್ಲಿ ಬೀಗ, ಮುಹೂರ್ತವಿಲ್ಲದ ವಾರಗಳಲ್ಲೂ ಬೀಗ. ವರ್ಷವಿಡೀ ನಾಲ್ಕು ಕೋಣೆ ಬಿಟ್ಟುಕೊಡುವ ಒಬ್ಬ ಮಾಲೀಕರು, ಅಕ್ಕಿ ರಾಗಿ ಕೊಡುವ ದಾಸನಪುರ ಮಾರುಕಟ್ಟೆಯ ವರ್ತಕರು, ಶುಚಿತ್ವ ನೋಡಿಕೊಳ್ಳುವ ಪಂಚಾಯಿತಿ ಸೇರಿದರೆ ಸಾಕು. ಮಾದಾವರದಲ್ಲಿ ಮೆಟ್ರೋ ಹತ್ತಿಸಿದರೆ ಅಪ್ಪ ಮಗಳು ಭೇಟಿಯ ಹೊತ್ತಿಗೆ ಆಸ್ಪತ್ರೆ ತಲುಪುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳುವವನಿದ್ದೇನೆ. ಆಸ್ಪತ್ರೆಗಳ ಸೂಪರಿಂಟೆಂಡೆಂಟರು ಅಷ್ಟರೊಳಗೆ ಗೇಟಿನ ಬೋರ್ಡಿನಲ್ಲಿ ಮಕ್ಕಳನ್ನು ತಡೆಯುವ ಆ ಒಂದು ಸಾಲನ್ನು ಅಳಿಸಿ, ಅದರ ಜಾಗದಲ್ಲಿ ಸಿಸ್ಟರು ಕೇಳಬೇಕಾದ ಐದು ಪ್ರಶ್ನೆಗಳನ್ನು ಬರೆಸಲಿ.